ಒಂಬತ್ತನೆಯ ಪಾಲು

ಅಂಗನವಾಡಿಯ ಪುಡಿ ಪೊಟ್ಟಣದ ಬಾಯಿ ಕತ್ತರಿಸಿದರೆ ಮೊದಲು ಮೂಗಿಗೆ ಬರುವುದು ಹುರಿದ ಗೋಧಿಯ ವಾಸನೆ. ಅದರ ಬೆನ್ನಿಗೇ ಕಡಲೆಬೀಜ, ಆಮೇಲೆ ಎಲ್ಲೋ ತಳದಲ್ಲಿ ಸಕ್ಕರೆ. ಪಂಚಾಯತಿಯ ಹೆಂಗಸರು ಗುಂಪು ಕಟ್ಟಿಕೊಂಡು ಹುರಿದು ಬೀಸುವ ಪುಡಿ ಅದು. ಇನ್ನೂ ಮಾತು ಕಲಿಯದ ಕೂಸುಗಳಿಗೆ ಸರ್ಕಾರ ಕೊಡುವ ಊಟ. ನಾನೀಗ ಅಂಗನವಾಡಿಯ ಟೀಚರ್. ಪ್ರತಿ ತಿಂಗಳೂ ಈ ಪೊಟ್ಟಣಗಳು ನನ್ನ ಕೈಯಿಂದಲೇ ಮನೆಮನೆಗೆ ಹೋಗುತ್ತವೆ, ಇಷ್ಟು ವರ್ಷದಲ್ಲಿ ಮೂಗು ಮರಗಟ್ಟಿ ಹೋಗಬೇಕಿತ್ತು. ಹೋಗಿಲ್ಲ. ಆ ವಾಸನೆ ಎದ್ದ ಕೂಡಲೇ ನಾನು ಏಳು ವರ್ಷದವಳಾಗಿ, ತಮ್ಮನನ್ನು ಸೊಂಟಕ್ಕೇರಿಸಿಕೊಂಡು, ಗಡಿಯಾಚೆ ಮಲಯಾಳ ನಾಡಿನ ತೋಲ್ಪೆಟ್ಟಿಯ ಕಾಡಿನೊಳಗಿನ ನಮ್ಮ ಹಾಡಿಯಲ್ಲಿ ನಿಂತಿರುತ್ತೇನೆ.

ಎಂಟು ಒಲೆಯ ಹಾಡಿ ನಮ್ಮದು. ಮನೆಗಳನ್ನು ನಾವು ಎಣಿಸುತ್ತಿರಲಿಲ್ಲ, ಒಲೆಗಳನ್ನು ಎಣಿಸುತ್ತಿದ್ದೆವು. ಬಿದಿರ ತಡಿಕೆಗೆ ಮಣ್ಣು ಮೆತ್ತಿದ ಗೋಡೆ, ಅಗುಳಿಯೇ ಇಲ್ಲದ ಬಾಗಿಲು. ಹೊಗೆ, ಜೇನುಮೇಣ, ನೆಂದ ನಾಯಿ ಇವೆಲ್ಲ ಬೆರೆತ ಒಂದು ವಾಸನೆ ನಮ್ಮ ಬಟ್ಟೆಗೂ ಕೂದಲಿಗೂ ಅಂಟಿಕೊಂಡಿರುತ್ತಿತ್ತು. ಶಾಲೆಯಲ್ಲಿ ಪಕ್ಕ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನನಗೆ ಈಗಲೂ ಅದು ಸಿಕ್ಕರೆ ಸಾಕು ಅನಿಸುತ್ತದೆ. ಕಾಡಿನಿಂದ ಏನೇ ಬರಲಿ, ಜೇನಾಗಲಿ, ಗೆಣಸಾಗಲಿ, ತೋಡಿನ ಏಡಿಯಾಗಲಿ, ಮೊದಲು ಅದು ನನ್ನ ಅಜ್ಜಿಯ ಅಂಗಳಕ್ಕೆ ಬರಬೇಕು. ಅಜ್ಜಿ ಎಂಟು ತೇಗದ ಎಲೆ ಹಾಸುತ್ತಿದ್ದಳು. ಒಂದು ಎಲೆಗೆ ಹೆಚ್ಚು ಬಿತ್ತು, ಇನ್ನೊಂದಕ್ಕೆ ಕಡಿಮೆ ಬಿತ್ತು ಎಂದು ಯಾರೂ ಯಾವತ್ತೂ ಬಾಯಿ ಬಿಟ್ಟಿದ್ದನ್ನು ನಾನು ಕೇಳಿಲ್ಲ. ನನ್ನ ಅಜ್ಜಿಯ ಎದುರು ಬಾಯಿ ಬಿಡುವ ಧೈರ್ಯ ಯಾರಿಗಿತ್ತೋ ಅದು ಬೇರೆ ಮಾತು.

ನಮ್ಮ ಅಂಗನವಾಡಿಗೆ ಪದ್ಮಾವತಿ ಟೀಚರ್ ಬಂದ ವರ್ಷ ಆ ಎಲೆಗಳು ಒಂಬತ್ತಾದವು. ಟೀಚರ್ ಹಿಂದೆಂದೋ ಕರ್ನಾಟಕದಿಂದ ಬಂದು ನೆಲೆಸಿದ ಜೈನ ರೈತರ ಮನೆಯ ಮಗಳು. ರಸ್ತೆಯಲ್ಲಿ ಬಸ್ಸಿಳಿದು, ಕೊಡೆ ಹಿಡಿದು, ಆನೆ ಲದ್ದಿ ಹಸಿಯೋ ಒಣಗಿದ್ದೋ ಎಂದು ನೋಡಿಕೊಂಡು ಕಾಡುದಾರಿಯಲ್ಲಿ ನಡೆದು ಬರುತ್ತಿದ್ದರು. ಶಾಲೆಯಲ್ಲಿ ನಾನು ಕಲಿತದ್ದು ಮಲಯಾಳ. ಈಗ ಬರೆಯುತ್ತಿರುವ ಈ ಕನ್ನಡ ಅಕ್ಷರಗಳನ್ನು ಅವರೇ ನನ್ನ ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿದ್ದು. ಮೊದಲ ಜೇನುಕಾಲದಲ್ಲಿ ಅಜ್ಜಿ ಅವರಿಗೂ ಒಂದೆಲೆ ಜೇನು ಒಯ್ದಳು. ಜೇನು ತಿನ್ನುವುದು ಅವರ ಧರ್ಮದಲ್ಲಿಲ್ಲ. ಆದರೆ ಅವರು ಹಾಗೆ ಹೇಳಲಿಲ್ಲ. ಎರಡೂ ಕೈಯಲ್ಲಿ ಇಸಿದುಕೊಂಡರು, ಮಾರನೆಯ ದಿನ ಅಂಗನವಾಡಿಯ ಆಯಾ ಆ ಜೇನನ್ನು ಒಂದೊಂದೇ ಚಮಚ ನಮ್ಮ ನಾಲಗೆಗೆ ಬಿಟ್ಟಳು. ವಿಷಯ ಹಾಡಿಗೆಲ್ಲ ತಿಳಿಯಿತು. ಅಜ್ಜಿ ಮಾತ್ರ ಒಂಬತ್ತನೆಯ ಎಲೆಯನ್ನು ಬಿಡಲಿಲ್ಲ. "ತಿನ್ನೋದು ಬಿಡೋದು ಅವರ ಇಷ್ಟ," ಅಂದಳು, "ಪಾಲು ಇಡೋದು ನಮ್ಮ ಕೆಲ್ಸ."

ಆಗ ನನ್ನ ತಮ್ಮ ಕೆಂಚನಿಗೆ ಒಂದು ವರ್ಷ ತುಂಬಿತ್ತು. ತುಂಬಿದ್ದು ವರ್ಷ ಮಾತ್ರ, ಮೈ ಅಲ್ಲ. ಅಳುವುದಕ್ಕೂ ತ್ರಾಣವಿಲ್ಲದೆ ನನ್ನ ಹೆಗಲಿಗೆ ತಲೆ ಒರಗಿಸಿ ಬಿದ್ದಿರುತ್ತಿದ್ದ. ಅಂಗನವಾಡಿಯ ತೊಲೆಗೆ ಒಂದು ದುಂಡು ತಕ್ಕಡಿ ನೇತುಹಾಕಿತ್ತು, ಅದರ ಕೊಕ್ಕೆಗೆ ಒಂದು ಬಟ್ಟೆಯ ಚಡ್ಡಿ. ಮಗುವನ್ನು ಅದರೊಳಗೆ ಇಳಿಬಿಟ್ಟು ತೂಗುವುದು, ತೂಕವನ್ನು ಕಾರ್ಡಿನಲ್ಲಿ ಚುಕ್ಕೆಯಾಗಿ ಇಡುವುದು. ಹಸಿರು ಪಟ್ಟೆಯಲ್ಲಿ ಚುಕ್ಕೆ ಬಿದ್ದರೆ ನಿಶ್ಚಿಂತೆ, ಹಳದಿಯಲ್ಲಿ ಬಿದ್ದರೆ ಎಚ್ಚರ. ಕೆಂಚನ ಚುಕ್ಕೆ ಕೆಂಪಿನಲ್ಲಿತ್ತು. ಅವನಿಗಿಂತ ಮೊದಲು ಹುಟ್ಟಿದ ನನ್ನ ಇನ್ನೊಬ್ಬ ತಮ್ಮ ಹೀಗೆಯೇ ಸೊರಗಿ, ನಾವು ತಡಮಾಡಿ ಪಟ್ಟಣದ ಆಸ್ಪತ್ರೆಗೆ ಹೊತ್ತುಕೊಂಡು ಹೋಗಿ, ವಾಪಸ್ಸು ಬಂದಿರಲಿಲ್ಲ. ಹಾಗಾಗಿ ಆಸ್ಪತ್ರೆ ಎಂಬ ಮಾತೆತ್ತಿದರೆ ಅವ್ವ ಕೆಂಚನನ್ನು ಎದೆಗವಚಿಕೊಂಡು ಕಾಡಿನ ಕಡೆ ಮುಖ ಮಾಡುತ್ತಿದ್ದಳು. ಟೀಚರ್ ಪೊಟ್ಟಣ ಕೊಟ್ಟರು, ದಿನಕ್ಕೆ ಎಷ್ಟು, ಹೇಗೆ ಬೇಯಿಸುವುದು ಎಂದು ತಾವೇ ಮಾಡಿ ತೋರಿಸಿದರು. ಎರಡು ತಿಂಗಳು ಕಳೆಯಿತು. ತಕ್ಕಡಿಯ ಮುಳ್ಳು ಕದಲಲಿಲ್ಲ. ಮುಂದಿನ ತೂಕಕ್ಕೂ ಹೀಗೇ ಇದ್ದರೆ ಆಸ್ಪತ್ರೆಗೆ ಸೇರಿಸಲೇಬೇಕು ಎಂದು ಟೀಚರ್ ಹೇಳಿದ ದಿನ ಅವ್ವ ಅನ್ನ ಮುಟ್ಟಲಿಲ್ಲ.

ಪುಡಿ ಎಲ್ಲಿಗೆ ಹೋಗುತ್ತಿತ್ತು ಎನ್ನುವುದು ಹಾಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಟೀಚರಿಗೊಬ್ಬರಿಗೆ ಬಿಟ್ಟು. ಅವರಿಗೂ ಗೊತ್ತಾಗುವಂತೆ ಮಾಡಿದವಳು ನನ್ನ ಅಜ್ಜಿಯೇ. ಮೂರನೆಯ ತಿಂಗಳ ಪೊಟ್ಟಣ ಬಂದ ಮಾರನೆಯ ಬೆಳಿಗ್ಗೆ ತೇಗದ ಎಲೆಯಲ್ಲಿ ಎರಡು ಹಿಡಿ ಪುಡಿ ಮಡಚಿಕೊಂಡು ಅಂಗನವಾಡಿಗೆ ಹೋಗಿ, "ತಕ್ಕೊಳ್ಳಿ ಟೀಚರೇ, ನಿಮ್ಮ ಪಾಲು," ಎಂದು ಮೇಜಿನ ಮೇಲಿಟ್ಟಳು. "ಮೊದಲೆರಡು ಸಲ ಮರೆತೋಗಿತ್ತು."

ಟೀಚರ್ ಎಲೆ ಬಿಚ್ಚಿ ನೋಡಿದರು. ಮೂಸಿದರು. ಅವರ ಮುಖ ಕೆಂಪಾದದ್ದನ್ನು ನಾನು ಅದೇ ಮೊದಲು ಕಂಡೆ.

"ಅಜ್ಜೀ, ಇದು ಕೆಂಚನ ಪೊಡಿಯಲ್ವಾ? ಎಲ್ಲರಿಗೂ ಹಂಚಿದ್ರಾ?"

"ಮತ್ತೆ? ಹಾಡಿಗೆ ಬಂದದ್ದು."

"ಹಾಡಿಗಲ್ಲ, ಕೆಂಚನಿಗೆ ಬಂದದ್ದು! ಅವ ಸತ್ತು ಹೋಗ್ತಾನೆ ಅಜ್ಜೀ, ನಿಮ್ಮ ಪಾಲು ನೋಡ್ಕೊಂಡು ಕೂತರೆ!"

ಅಜ್ಜಿಯ ಕಣ್ಣಲ್ಲಿ ನೀರು ಬಂತು, ಆದರೂ ಅವಳು ಸೋಲಲಿಲ್ಲ. "ಇವನೊಬ್ಬ ತಿಂದು ಬಾಕಿ ಮಕ್ಕಳೆಲ್ಲ ಬಾಯಿ ನೋಡ್ತಾ ಕೂತರೆ, ತಿಂದದ್ದು ಇವನ ಮೈಗೆ ಹತ್ತುತ್ತಾ ಟೀಚರೇ? ನೀವೇ ಹೇಳಿ."

ಇಂಥವರಿಗೆ ಎಷ್ಟು ಕೊಟ್ಟರೂ ಅಷ್ಟೇ ಎಂದು ಸಭೆಗಳಲ್ಲಿ ಯಾರಾದರೂ ಗೊಣಗಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಆವತ್ತು ಟೀಚರ್ ಕೂಡ ಹಾಗೆಂದು ಕೈ ಕೊಡವಿಕೊಳ್ಳಬಹುದಿತ್ತು. ಅವರು ಆ ಎಲೆಯನ್ನು ಮತ್ತೆ ಮಡಚಿಟ್ಟರು. ಆಮೇಲೆ ಕೆಂಚನನ್ನು ಸೊಂಟದಲ್ಲಿ ಹೊತ್ತು ನಿಂತಿದ್ದ ನನ್ನನ್ನು ಕರೆದರು. "ಮಾದಿ ಮೋಳೇ, ಬಾ ಇಲ್ಲಿ." ಮೋಳೇ ಎಂದರೆ ಮಲಯಾಳದಲ್ಲಿ ಮಗಳೇ. ಪ್ರೀತಿ ಬಂದಾಗ ಅವರ ಬಾಯಲ್ಲಿ ಬರುತ್ತಿದ್ದ ಮಾತದು. "ಪೊಡಿ ಎಂಟು ಒಲೆಗೂ ಹೋಗಲಿ. ಇವನೂ ಎಂಟು ಒಲೆಗೂ ಹೋಗಲಿ. ಇವ ತಿನ್ನದೆ ಆ ಮನೇಲಿ ಯಾರೂ ಪೊಡಿ ಮುಟ್ಟಬಾರದು. ಎತ್ಕೊಂಡು ಹೋಗುವವಳು ನೀನು." ಅಜ್ಜಿ ಸ್ವಲ್ಪ ಯೋಚಿಸಿ, ತಾನೇ ಹೇಳಿಕೊಟ್ಟವಳ ಹಾಗೆ ತಲೆ ಆಡಿಸಿದಳು.

ಅಂದಿನಿಂದ ಶಾಲೆಗೆ ಹೋಗುವ ಮುಂಚೆ ನಾಲ್ಕು ಒಲೆ, ಬಂದ ಮೇಲೆ ನಾಲ್ಕು ಒಲೆ. ನನ್ನ ಸೊಂಟ ಕಂದುಗಟ್ಟಿಹೋಯಿತು. ಎಲ್ಲ ಮನೆಯಲ್ಲೂ ನಾನು ಹೋಗುವಷ್ಟರಲ್ಲಿ ನೀರು ಕುದಿಯುತ್ತಿರುತ್ತಿತ್ತು. ನಮ್ಮಪ್ಪನ ಜೊತೆ ಮಾತು ಬಿಟ್ಟಿದ್ದ ಬೊಮ್ಮಣ್ಣನೂ ಬಾಗಿಲಲ್ಲಿ ಕಾಯುತ್ತಿದ್ದ. ಕೆಂಚ ಅವನ ಗಡ್ಡ ಕಂಡು ಮುಖ ತಿರುಗಿಸಿದ್ದಕ್ಕೆ ಆ ಮನುಷ್ಯ ಮಾರನೆಯ ದಿನ ಗಡ್ಡ ಬೋಳಿಸಿಕೊಂಡು ಕೂತಿದ್ದ. ಮೊದಮೊದಲು ಪುಡಿ ಮಾತ್ರ ಕಲಸುತ್ತಿದ್ದವರು ಬರಬರುತ್ತಾ ತಮ್ಮದೇ ಗೆಣಸು, ಬಾಳೆಹಣ್ಣು ಹಿಸುಕಿ ಸೇರಿಸಿದರು. ತಮ್ಮ ಒಲೆಯ ಅಂಬಲಿಯನ್ನೇ ಮಗು ಚಪ್ಪರಿಸಿದ್ದು ಎಂದು ಹೆಂಗಸರಲ್ಲಿ ಜಗಳವೂ ಹುಟ್ಟಿತು. ಅವನಿಗಾಗಿ ಒಂದು ಹಾಡಿಯೇ ಹೊತ್ತು ನೋಡಿಕೊಂಡು ಬದುಕಿತು. ಆ ದಿನಗಳನ್ನು ನೆನೆದರೆ ನನಗೆ ಹೆಮ್ಮೆಯಾಗುತ್ತದೆ, ಅದನ್ನು ಮುಚ್ಚಿಟ್ಟು ಏನಾಗಬೇಕು.

ತೂಕದ ದಿನ ಎಂಟು ಒಲೆಯವರೂ ಕೆಲಸ ಬಿಟ್ಟು ಬಂದು ಅಂಗನವಾಡಿಯ ಮುಂದೆ ನಿಂತರು. ಟೀಚರ್ ಕೆಂಚನನ್ನು ಚಡ್ಡಿಯೊಳಗೆ ಇಳಿಬಿಟ್ಟರು. ಮುಳ್ಳು ನಡುಗಿತು, ಹಳೆಯ ಜಾಗಕ್ಕೆ ಬಂತು, ದಾಟಿತು. ಅಷ್ಟರಲ್ಲಿ ಅವನು ಕಾಲು ಝಾಡಿಸಿ, ಹಾಡಿಗೆಲ್ಲ ಕೇಳುವಂತೆ ಕಿರುಚಿ ಅತ್ತ. ಅಷ್ಟು ಜೋರಾಗಿ ಅವನು ಅತ್ತದ್ದು ಅದೇ ಮೊದಲು. ಟೀಚರ್ ಕಾರ್ಡಿನಲ್ಲಿ ಚುಕ್ಕೆಯಿಟ್ಟು ಅವ್ವನಿಗೆ ತೋರಿಸಿದರು. ಚುಕ್ಕೆ ಹಳದಿಗೆ ಬಂದಿತ್ತು. ಓದಲು ಬಾರದ ಅವ್ವ ಆ ಕಾರ್ಡನ್ನು ಕಣ್ಣಿಗೊತ್ತಿಕೊಂಡಳು. ಮುಂದಿನ ಮಳೆಗಾಲದ ಹೊತ್ತಿಗೆ ಅವನು ಹಸಿರಿಗೆ ಸೇರಿದ.

ಆ ಹಾಡಿ ಈಗಿಲ್ಲ. ಕಾಡಿನೊಳಗಿನವರಿಗೆ ಹೊರಗೆ ಜಾಗ ಕೊಡುವ ಯೋಜನೆಯಲ್ಲಿ ನಾವೂ ಬಂದೆವು. ಸಾಲಾಗಿ ಸಿಮೆಂಟಿನ ಎಂಟು ಮನೆ, ನಲ್ಲಿ, ದೀಪ. ಮಕ್ಕಳು ಆನೆಯ ಭಯವಿಲ್ಲದೆ ಶಾಲೆಗೆ ಹೋಗುತ್ತಾರೆ, ನಾನು ಅದನ್ನು ದೂರುವವಳಲ್ಲ. ಆದರೆ ಬಾಗಿಲುಗಳಿಗೆ ಚಿಲಕ ಬಂತು, ಒಲೆ ಯಾರಿಗೂ ಕಾಣದ ಮೂಲೆ ಸೇರಿತು. ಅಜ್ಜಿ ಹೊಸ ಮನೆಯಲ್ಲಿ ಒಂದು ವರ್ಷವೂ ಇರಲಿಲ್ಲ. ಹಳೆಯ ಜಾಗದಲ್ಲಿ ಈಗ ಜಿಂಕೆ ಮೇಯುತ್ತವಂತೆ. ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿರುವ ಕೆಂಚ ನೋಡಿ ಬಂದು ಹೇಳುತ್ತಾನೆ.

ಹೋದ ವರ್ಷ ಪದ್ಮಾವತಿ ಟೀಚರ್ ನಮ್ಮನ್ನೆಲ್ಲ ನೋಡಬೇಕೆಂದು ಮಗನ ಜೀಪಿನಲ್ಲಿ ಬಂದಿದ್ದರು. ತೋಡಿನಲ್ಲಿ ನೀರು ಏರಿತ್ತು. ಕೆಂಚ ಅವರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ದಾಟಿಸಿದ.

"ಎಷ್ಟು ತೂಗ್ತೇನೋ ನಾನು?" ಎಂದು ಟೀಚರ್ ನಕ್ಕರು.

"ಕೆಂಪು ಪಟ್ಟೆ ಟೀಚರೇ," ಅಂದ ಕೆಂಚ. "ಎಂಟು ಮನೆಗೂ ಬರ್ಬೇಕು."

ಬಂದರು. ಒಂದೊಂದು ಮನೆಯಲ್ಲೂ ಕೂತು, ಒಂದೊಂದು ತುತ್ತಾದರೂ ತಿಂದರು. ಹೊರಟಾಗ ನನ್ನ ಅಂಗನವಾಡಿಯ ತಕ್ಕಡಿಯನ್ನು ಒಮ್ಮೆ ಮುಟ್ಟಿ ನೋಡಿದರು. ಮಳೆ ಮುಗಿಯುವ ಮೊದಲೇ ಅವರು ತೀರಿಕೊಂಡ ಸುದ್ದಿ ಬಂತು.

ಈ ಸಲದ ಜೇನು ಇಳಿದಾಗ ಕೆಂಚನ ಅಂಗಳದಲ್ಲಿ ಪಾಲು. ಅವನು ಎಲೆ ಹಾಸುತ್ತಿದ್ದ, ನಾನು ನೋಡುತ್ತಿದ್ದೆ. ಎಂಟು ಆಯಿತು. ಪಕ್ಕದಲ್ಲಿ ಇನ್ನೊಂದು ಹಾಸಿದ.

"ಟೀಚರ್ ಇಲ್ವಲ್ಲೋ," ಅಂದೆ.

"ಇದ್ದಾಗ ತಿಂದಿದ್ರಾ ಅಕ್ಕಾ?" ಎಂದು, ಅವನು ಒಂಬತ್ತನೆಯ ಎಲೆಗೂ ಜೇನು ಬಿಟ್ಟ.