ಕೊನೆಯ ಚರಣಕ್ಕೆ ಅಳಬೇಕು

ವೇದಿಕೆಯ ಮೇಲೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಸಭಾಂಗಣದಲ್ಲಿ ಕೂತಿದ್ದ ಅಷ್ಟು ಜನರಲ್ಲಿ ಒಬ್ಬರೂ ಏಳಲಿಲ್ಲ. ಕೆಲವರು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದರು. ಸಿಂಧನೂರಿನಿಂದ ಬಂದು ಬಸವನಗುಡಿಯ ಈ ಶಾಲೆಗೆ ಕನ್ನಡ ಟೀಚರಾಗಿ ಸೇರಿ ನನಗೆ ಮೂರು ವಾರವಾಗಿತ್ತಷ್ಟೆ. ಎಂಥ ಕಲ್ಲುಮನಸ್ಸಿನ ಜನ ಎಂದುಕೊಂಡು ನೀರಿನ ಬಾಟಲಿ ಹಿಡಿದು ವೇದಿಕೆ ಹತ್ತಿದೆ. ಅವಳನ್ನು ತಬ್ಬಿಕೊಂಡು, "ಇರಲಿ ಬಿಡವಾ, ಮರ್ತರ ಏನಾತು" ಎಂದೆ.

ಅಳು ಥಟ್ಟನೆ ನಿಂತಿತು. ಹುಡುಗಿ ನನ್ನನ್ನು ದುರುಗುಟ್ಟಿ ನೋಡಿದಳು. "ಮಿಸ್, ಇನ್ನೂ ಎರಡು ಸಾಲಿದೆ."

ಅವಳು ಸಿಂಚನಾ. ಶಾಲೆಯ ಪದ್ಯ ಸ್ಪರ್ಧೆಯಲ್ಲಿ ಕಡಿದ ಮರವೊಂದರ ಮೇಲಿನ ಪದ್ಯ ಹೇಳುತ್ತಿದ್ದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳ ಅಮ್ಮ ಕಾರಿಡಾರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದರು. "ಅವಳಿಗೇನೂ ಆಗಿರ್ಲಿಲ್ಲ ಮೇಡಂ. ಅಳೋದು ಆಕ್ಷನ್‌ನಲ್ಲೇ ಇತ್ತು. ಬೇಸಿಗೆ ರಜೆಯೆಲ್ಲಾ ಕೂತು ಹೇಳ್ಕೊಟ್ಟಿದೀನಿ."

ಆಕ್ಷನ್ ಅಂದರೇನೆಂದು ನಮ್ಮೂರ ಕಡೆಯವರಿಗೆ ಬಿಡಿಸಿ ಹೇಳಬೇಕು. ಪದ್ಯ ಹೇಳುವಾಗ ಪದಪದಕ್ಕೂ ಕೈಯಲ್ಲಿ ಮಾಡಿ ತೋರಿಸುವುದು. ಆಕಾಶ ಬಂದರೆ ಬೆರಳು ಮೇಲಕ್ಕೆ, ಹಕ್ಕಿ ಬಂದರೆ ತೋಳು ಬಡಿಯಬೇಕು, 'ನಾನು' ಬಂದರೆ ಕೈ ಎದೆಗೆ. ಕೊನೆಯ ಚರಣಕ್ಕೆ ಅಳು. ಅವಳ ನಂತರ ಬಂದ ಮಕ್ಕಳೂ ಒಬ್ಬರಾದ ಮೇಲೊಬ್ಬರು ತಮ್ಮ ಪದ್ಯದ ಕೊನೆಯ ಚರಣಕ್ಕೇ ಅತ್ತು, ಮುಗಿದ ಕೂಡಲೇ ಕೈಮುಗಿದು ಇಳಿದರು. ಹೃದಯ ತುಂಬಿ ಬಂತು ಎಂದರು ತೀರ್ಪುಗಾರರು. ನನಗೆ ಬಂದದ್ದು ವಾಕರಿಕೆ.

ಅಂತರಶಾಲಾ ಸ್ಪರ್ಧೆಗೆ ಶಾಲೆಯಿಂದ ಒಬ್ಬರೇ ಹೋಗಬೇಕು. ಸಿಂಚನಾ ಹೋಗಲಿಲ್ಲ. ನೀವು ತಪ್ಪಿಸಿದ್ದನ್ನು ಮುಂದಿನ ವರ್ಷ ನೀವೇ ಕೊಡಿಸಬೇಕು ಎಂದರು ಅವಳ ಅಮ್ಮ. ಕಾಲೇಜಿನುದ್ದಕ್ಕೂ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಮಾತಿನಲ್ಲಿ ತೂತು ಹುಡುಕಿದವಳು ನಾನು. ಈ ಮಾತಿನಲ್ಲಿ ಒಂದೂ ಸಿಗದೆ ಒಪ್ಪಿಕೊಂಡೆ.

ನಮ್ಮಲ್ಲಿ ಅಮಾವಾಸ್ಯೆಯ ಭಜನೆಯಲ್ಲಿ ಒಬ್ಬರು ಒಂದು ಸಾಲು ಬಿಟ್ಟರೆ ಉಳಿದವರು ಎತ್ತಿಕೊಳ್ಳುತ್ತಾರೆ. ಕೈಗೆ ತಾಳದ ಕೆಲಸವಿರುತ್ತದೆ. ಅಳು ಬಂದವರು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ, ಯಾರೂ ಅತ್ತ ನೋಡುವುದಿಲ್ಲ. ಇಲ್ಲಿ ಅಳುವುದೇ ನೋಡಲಿ ಎಂದು. ಆದರೆ ಹನುಮಂತನಗರದ ನನ್ನ ಬಾಡಿಗೆ ಕೋಣೆಯಲ್ಲಿ ಅವ್ವನ ಜೊತೆ ಫೋನಿನಲ್ಲಿ ನಮ್ಮ ಕಡೆಯ ಜೋರು ದನಿಯಲ್ಲಿ ನಾಲ್ಕು ಮಾತು ಆಡಿದರೆ ಸಾಕು, ಓನರ್ ಆಂಟಿ ಮೇಲೆ ಬಂದು, "ಏನಮ್ಮಾ, ಮನೇಲಿ ಜಗಳಾನಾ?" ಅನ್ನುತ್ತಾರೆ. ಅವರು ಹುಳಿಗೆ ಬೆಲ್ಲ ಹಾಕುತ್ತಾರೆ. ಇವರು ಪದ್ಯಕ್ಕೂ ಬೆಲ್ಲ ಹಾಕಿ ಕೆಡಿಸಿದ್ದಾರೆ ಎಂಬುದು ನನ್ನ ವಾದ. ಪಾಪ, ಆಂಟಿ ಈಗ ಬೆಲ್ಲ ಬೀಳುವ ಮೊದಲು ನನಗೊಂದು ಬಟ್ಟಲು ತೆಗೆದಿಡುತ್ತಾರೆ. ಒಂದು ವರ್ಷದಲ್ಲಿ ನಾನು ಗೆದ್ದ ವಾದ ಅದೊಂದೇ.

ಮರುವರ್ಷ ಸಿಂಚನಾಳನ್ನು ಶಾಲೆ ಮುಗಿದ ಮೇಲೆ ಜಗುಲಿಯಲ್ಲಿ ಕೂರಿಸಿಕೊಂಡೆ. ಅದೇ ಮರದ ಪದ್ಯ. ಕೈ ಅಲ್ಲಾಡಿಸಬೇಡ, ಸುಮ್ಮನೆ ನನಗೆ ಹೇಳು ಎಂದೆ. ಮೊದಮೊದಲು ಅವಳ ಬೆರಳುಗಳು ತಾವಾಗಿಯೇ ಏಳುತ್ತಿದ್ದವು. ಒಂದು ಸಂಜೆ ಕಡಲೆಕಾಯಿ ಬಿಡಿಸುತ್ತಾ, ಪಕ್ಕದ ಮನೆಯ ಸುದ್ದಿ ಹೇಳುವಂತೆ, ಇಡೀ ಪದ್ಯ ಹೇಳಿದಳು. ಅಂಗಳ ಗುಡಿಸುತ್ತಿದ್ದ ಆಯಾ ಪೊರಕೆ ಹಿಡಿದು ಹಾಗೇ ನಿಂತುಬಿಟ್ಟರು. ಹೀಗೇ ಹೇಳು, ಅಳಬೇಡ ಎಂದು ಭಾಷೆ ತೆಗೆದುಕೊಂಡೆ.

ಅಂತರಶಾಲಾ ಸ್ಪರ್ಧೆಯ ದಿನ ಅವಳಿಗಿಂತ ಮೊದಲು ಬಂದ ಹುಡುಗ ಮಂಡಿಯೂರಿ ಅತ್ತ. ತೀರ್ಪುಗಾರರಲ್ಲೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸಿಂಚನಾ ಕೈ ಇಳಿಬಿಟ್ಟು ಹೇಳತೊಡಗಿದಳು. ಎರಡನೇ ಚರಣಕ್ಕೆ ಅದೇ ತೀರ್ಪುಗಾರರು ಮೊಬೈಲ್ ತೆಗೆದು ಮೆಸೇಜ್ ನೋಡತೊಡಗಿದರು. ಕೊನೆಯ ಚರಣದ ಮೊದಲು ಅವಳು ಪರದೆಯ ಪಕ್ಕ ನಿಂತಿದ್ದ ನನ್ನತ್ತ ನೋಡಿದಳು. ಬೇಡ ಎಂದು ತಲೆಯಾಡಿಸಬಹುದಿತ್ತು. ಆದರೆ ಸೋಲು ಎದುರಿಗೆ ಕಾಣುತ್ತಿತ್ತು. ನನಗೆ ಸೋತು ಅಭ್ಯಾಸವಿಲ್ಲ. ಕಣ್ಣಿನ ಕೆಳಗೆ ಬೆರಳೆಳೆದು ತೋರಿಸಿದೆ.

ಆ ಕ್ಷಣಕ್ಕೇ ಅವಳ ಕಣ್ಣಿಂದ ನೀರು ಇಳಿಯಿತು. ಮೊದಲ ಬಹುಮಾನ.

ಬಹುಮಾನದ ಕಪ್ ತಬ್ಬಿಕೊಂಡು ಓಡಿಬಂದಳು. "ಮಿಸ್, ಸರಿಯಾಗ್ ಅತ್ನಾ?"

"ಒಂದು ಸಾಲು ಮುಂಚೆನೇ ಅತ್ಬಿಟ್ಟೆ ಕಣೇ" ಎಂದೆ, ಅದೂ ಅಚ್ಚ ಬಸವನಗುಡಿಯ ಕನ್ನಡದಲ್ಲಿ. ಆಮೇಲೆ ನಲ್ಲಿಯ ಹತ್ತಿರ ಹೋಗಿ ಬಾಯಿ ತೊಳೆದುಕೊಂಡೆ. ಆ ಹೇಸಿಗೆ ಮಾತ್ರ ಹೋಗಲಿಲ್ಲ.

ದೀಪಾವಳಿ ರಜೆಗೆ ಊರಿಗೆ ಬಂದೆ. ಅಮಾವಾಸ್ಯೆಯ ಭಜನೆಯಲ್ಲಿ ಹೆಂಗಸರ ನಡುವೆ ಕೂತು, ಚಿಕ್ಕಂದಿನಿಂದ ಬಲ್ಲ ಪದಕ್ಕೆ ಎಲ್ಲರ ಜೊತೆ ದನಿಗೂಡಿಸಿದೆ. ಕೊನೆಗೂ ಮನೆಗೆ ಬಂದೆ ಅನಿಸಿತು. ಅಷ್ಟರಲ್ಲಿ, 'ನಾನು' ಎಂಬ ಮಾತು ಬರುವ ಸಾಲಿಗೆ, ಪಕ್ಕದಲ್ಲಿದ್ದ ದೊಡ್ಡವ್ವ ತಾಳ ನಿಲ್ಲಿಸಿ ನನ್ನನ್ನೇ ನೋಡಿದಳು.

"ಯಾಕವಾ, ಎದಿ ನೋಯಾಕತ್ತೈತೇನು?"

ತಗ್ಗಿ ನೋಡಿಕೊಂಡೆ. ನನ್ನ ಬಲಗೈ ಎದೆಯ ಮೇಲಿತ್ತು. ಇಲ್ಲ ದೊಡ್ಡವ್ವ ಎಂದು ಇಳಿಸಿದೆ. ಇಳಿಸಿದ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.