ಸೊಂಟದಲ್ಲಿ ಕೀಲಿಕೈ ಇಲ್ಲದ ಸಾಧ್ವಿಯರು

ಕ್ಯಾಲೆಂಡರಿನ ಸಾಧ್ವಿಯರ ಸೊಂಟದಲ್ಲಿ ಕೀಲಿಕೈ ಗೊಂಚಲನ್ನು ನೀವು ಎಂದಾದರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಕಾವಿ ಸೀರೆಯೆಂದರೆ ವೈರಾಗ್ಯ, ರುದ್ರಾಕ್ಷಿಯೆಂದರೆ ಜಪ, ತಲೆಯ ಹಿಂದಿನ ಪ್ರಭೆಯೆಂದರೆ ಇನ್ನು ಈಕೆಯನ್ನು ಯಾರೂ ಪ್ರಶ್ನಿಸುವಂತಿಲ್ಲ. ಇಷ್ಟು ಸಂಕೇತಶಾಸ್ತ್ರ ನನ್ನಂಥ ಅರೆಪಂಡಿತನಿಗೂ ಗೊತ್ತು. ಆದರೆ ಆ ತಾಯಂದಿರ ಮನೆಯ ಉಗ್ರಾಣಕ್ಕೆ ಬೀಗ ಹಾಕುತ್ತಿದ್ದವರು ಯಾರೆಂದು ಯಾವ ಚಿತ್ರವೂ ಹೇಳುವುದಿಲ್ಲ.

ಐವತ್ತರ ದಶಕದಲ್ಲಿ, ಮದರಾಸಿನ ಸೌಕಾರ್‌ಪೇಟೆಯ ನಮ್ಮ ಮನೆಯಲ್ಲಿ ಆ ಅಧಿಕಾರ ನನ್ನ ಸೋದರತ್ತೆಯದಾಗಿತ್ತು. ಹರೆಯದಲ್ಲೇ ಗಂಡನನ್ನು ಕಳೆದುಕೊಂಡ ಅವರು, ಧಾರವಾಡದ ಕಡೆಯಿಂದ ಜವಳಿ ವ್ಯಾಪಾರಕ್ಕೆ ಬಂದ ತಮ್ಮನ, ಅಂದರೆ ನನ್ನಪ್ಪನ, ಸಂಸಾರದ ಜೊತೆ ಬಂದವರು. ಬೆಳಗಿನ ಲಿಂಗಪೂಜೆಯಲ್ಲಿ ಎಷ್ಟು ನಿಷ್ಠೆಯೋ ಸಕ್ಕರೆ ಅಳೆದು ಕೊಡುವುದರಲ್ಲೂ ಅಷ್ಟೇ ನಿಷ್ಠೆ. ತನ್ನ ಮನೆಯಲ್ಲೇ ಸಕ್ಕರೆಗೆ ಕೈಯೊಡ್ಡಿ ಅವ್ವನಿಗೂ ಸಾಕಾಗಿತ್ತು, ಅವಳ ಸಿಟ್ಟೂ ನ್ಯಾಯವಾದದ್ದೇ. ಕೀಲಿ ಕೊಡೆಂದು ಅಕ್ಕನನ್ನು ಕೇಳುವ ಧೈರ್ಯವಿಲ್ಲದ ಅಪ್ಪ ಒಂದು ಉಪಾಯ ಹೂಡಿದರು: ಅಕ್ಕನ ಫೋಟೋಕ್ಕೆ ಬಣ್ಣ ಹಾಕಿಸಿ, ದೇವರ ಕೋಣೆಯಲ್ಲಿ ತೂಗುಹಾಕಿ, ಅವರನ್ನು ಸಗೌರವವಾಗಿ ಉಗ್ರಾಣದಿಂದ ಮೇಲಕ್ಕೇರಿಸಿಬಿಡುವುದು.

ಕಾಲೇಜಿನಲ್ಲಿದ್ದ ನಾನು ಎಗ್ಮೋರಿನ ಸ್ಟುಡಿಯೋದಿಂದ ಚಿತ್ರ ತರಲು ಹೋದೆ. ಅತ್ತೆಯ ಬಿಳಿ ಸೀರೆ ಕಾವಿಯಾಗಿತ್ತು, ಪ್ರಭೆ ಮೂಡಿತ್ತು, ಸೊಂಟದ ಕೀಲಿಗೊಂಚಲು ಮಾಯವಾಗಿ ಅಲ್ಲೊಂದು ಜಪಮಾಲೆ ಇಳಿದಿತ್ತು. "ಸಾಮಿ ಪಡತ್ತುಲ ಸಾವಿ ಎದುಕ್ಕು ಸಾರ್?" ಎಂದ ಬಣ್ಣ ಹಾಕುವವನು. ದೇವರ ಪಟದಲ್ಲಿ ಕೀಲಿಕೈ ಏಕೆಂಬುದು ಅವನ ಪ್ರಶ್ನೆ. ಅಪ್ಪ ಬಾಯಿಬಿಟ್ಟು ಹೇಳಲಾಗದ್ದನ್ನು ಅವನು ಹೇಳಿಸಿಕೊಳ್ಳದೆಯೇ ಕುಂಚದಲ್ಲಿ ಮುಗಿಸಿದ್ದ.

ಅತ್ತೆ ಪಟವನ್ನು ಬಹಳ ಹೊತ್ತು ನೋಡಿದರು. "ಇನ್ನ ನೀ ಜಪಾ ಮಾಡ್ಕೋತ ಆರಾಮ ಇರು ಅಕ್ಕಾ," ಎಂದರು ಅಪ್ಪ, ನೆಲ ನೋಡುತ್ತ.

"ಜಪಮಣಿ ಛಲೋ ತಗದಾನ. ನನ್ನ ಕೀಲಿ ಎಲ್ಲೆದಾವೋ ತಮ್ಮಾ?"

ಅತ್ತೆಗೆ ಎಲ್ಲವೂ ತಿಳಿದಿತ್ತು.

"ಪಟಾ ದೇವರ ಕ್ವಾಣ್ಯಾಗ ಬ್ಯಾಡ. ಉಗ್ರಾಣದ ಬಾಗಿಲಿಗೆ ಹಾಕ್ರಿ," ಎಂದರು. ಹಾಕಿದ ಮೇಲೆ ಸೊಂಟದ ಗೊಂಚಲನ್ನು ಬಿಚ್ಚಿ, ಉದ್ದನೆಯ ದಾರಕ್ಕೆ ಕಟ್ಟಿ, ಅದೇ ಮೊಳೆಗೆ ಇಳಿಬಿಟ್ಟರು. ಅದು ಗಾಜಿನ ಮೇಲೆ, ಜಪಮಾಲೆಯನ್ನು ಮರೆಮಾಡಿ, ಸರಿಯಾಗಿ ಚಿತ್ರದ ಸೊಂಟಕ್ಕೆ ಬಂದು ನಿಂತಿತು. "ಇನ್ನ ಯಾರಿಗೆ ಬೇಕೋ ತಗೋರಿ."

ಸಾಧ್ವಿಯರ ಸೊಂಟದಲ್ಲಿ ಕೀಲಿಕೈ ಕಂಡಿಲ್ಲವೆಂದೆನಲ್ಲ, ಒಬ್ಬರನ್ನು ಬಿಟ್ಟು ಎಂದು ಸೇರಿಸಿಕೊಳ್ಳಿ. ಅತ್ತೆ ತೀರಿಕೊಂಡ ಮೇಲೆ ಅವ್ವ ಗೊಂಚಲನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದಿತ್ತು, ಕೇಳುವವರಿರಲಿಲ್ಲ. ಆದರೂ ಅವಳು ದಿನವೂ ಪಟದ ಮುಂದೆ ನಿಂತು, ಸೆರಗು ಸರಿಮಾಡಿಕೊಂಡು, "ಸಕ್ಕರಿ ತಗೋತೀನ್ರಿ ಅಕ್ಕಾ," ಎಂದು ಹೇಳಿಯೇ ಕೀಲಿಗೆ ಕೈಹಾಕುತ್ತಿದ್ದಳು.