ಅತ್ತೆಯ ಚೀನಿ ಬಶಿಗಳು

ಕಳೆದ ಮಂಗಳವಾರ ಧಾರವಾಡದ ಸಂತೆಯಲ್ಲಿ, ಹಳೆಯ ಸಾಮಾನು ಮಾರುವವನ ಹತ್ತಿರ ಒಂದು ಉದ್ದನೆಯ ಚೀನಿ ಬಶಿಯನ್ನು ಕೊಂಡೆ. ಅವನು ಅದನ್ನು ಒಣಹುಲ್ಲಿನಲ್ಲಿ ಸುತ್ತಿಟ್ಟಿದ್ದ. ಬಿಚ್ಚಿದ ಕೂಡಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಅದನ್ನು ಮೂಸಿದ್ದು. ಹಳೆಯ ಚೀನಿ ಪಾತ್ರೆಗೆ ತನ್ನದೇ ಒಂದು ವಾಸನೆ ಇರುತ್ತದೆ: ಮುಚ್ಚಿಟ್ಟ ಕಪಾಟಿನದು, ಹುಲ್ಲಿನದು, ಯಾರೋ ಎಂದೋ ಉಂಡು ಮುಗಿಸಿದ ಹಬ್ಬದ್ದು.

ಅಂಗಡಿಯವನು ನನ್ನನ್ನು ಮರುಕದಿಂದ ನೋಡಿ, "ತಿನ್ನೂದಲ್ರೀ ಅಕ್ಕಾರ, ಅದರಾಗ ಇಟ್ಕೊಂಡು ತಿನ್ನೂದು" ಎಂದ.

ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುವವಳು. ಸಂತೆಯಲ್ಲಿ ನಿಂತು ತಟ್ಟೆ ಮೂಸುವುದು ನನ್ನ ಪದವಿಗೆ ಒಪ್ಪುವ ನಡತೆಯಲ್ಲ ಎಂಬುದು ನನಗೆ ಗೊತ್ತು. ಆದರೆ ಈ ಚಟ ನನಗೆ ಕಾಲೇಜಿನಲ್ಲಿ ಅಂಟಿದ್ದಲ್ಲ, ಇಳಕಲ್ಲಿನಲ್ಲಿ ನನ್ನ ಅತ್ತೆಯಿಂದ ಅಂಟಿದ್ದು. ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವಳು ಮನೆಯನ್ನು ತಮ್ಮನ ಕೈಯಲ್ಲಿ ಉಳಿಯಗೊಡಲಿಲ್ಲ.

ನಮ್ಮದು ಲಿಂಗವಂತರ ಮನೆ. ಉಣ್ಣಲು ಕಂಚಿನ ಗಂಗಾಳ, ಕುಡಿಯಲು ಹಿತ್ತಾಳೆಯ ಚರಿಗೆ. ಚೀನಿ ಮಣ್ಣಿಗೆ ನಮ್ಮ ಅಡುಗೆಮನೆಯಲ್ಲಿ ಇದ್ದ ಹುದ್ದೆ ಒಂದೇ, ಉಪ್ಪಿನಕಾಯಿಯ ಭರಣಿಯದು. ಅದರಲ್ಲಿ ಉಣ್ಣುವುದೆಂದರೆ ಧರ್ಮ ಕೆಟ್ಟಂತೆ. ಯಾಕೆ ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳುತ್ತಿರಲಿಲ್ಲ. ಅತ್ತೆ ಮಾತ್ರ ಕೇಳದೆ ಬಿಡುತ್ತಿರಲಿಲ್ಲ.

"ವರ್ಷಾನಗಟ್ಲೆ ಉಪ್ಪಿನಕಾಯಿ ಅದರಾಗ ಕುಂದ್ರಬೌದು, ಅರ್ಧ ತಾಸು ರೊಟ್ಟಿ ಕುಂದ್ರಬಾರದೇನೋ?"

"ಮಣ್ಣಿಂದದು, ಅಕ್ಕಾ. ಎಂಜಲಾ ಹೀರ್ಕೋತೈತಿ," ಎನ್ನುತ್ತಿದ್ದ ಅಪ್ಪ.

"ಹೀರ್ಕೊಳ್ಳಾಂಗಿದ್ದರ ಭರಣಿಯೊಳಗ ಎಣ್ಣಿ ಹ್ಯಾಂಗ ಉಳೀತಿತ್ತು? ನಿನ್ನ ತಲಿನ ಹೀರ್ಕೊಂಡೈತಿ."

ಅಪ್ಪ ಸೀರೆಯ ವ್ಯಾಪಾರಿ, ದಿನವಿಡೀ ಗಿರಾಕಿಗಳೊಡನೆ ವಾದಿಸಿ ಗೆದ್ದು ಬರುವವನು. ಅಕ್ಕನ ಎದುರು ಒಮ್ಮೆಯೂ ಗೆದ್ದದ್ದನ್ನು ನಾನು ಕಂಡಿಲ್ಲ. ಹೀಗೆ ನಮ್ಮ ಮನೆಗೆ ಚೀನಿ ಬಶಿಗಳು ಬಂದವು. ಅವನ್ನು ತಂದುಕೊಡುತ್ತಿದ್ದವಳು ನೇಕಾರರ ಓಣಿಯ ಖಾಜಾಬಿ, ಅತ್ತೆಯ ಜೀವದ ಗೆಳತಿ. ಅವಳ ಬಳಗ ಬಾದಾಮಿಯಿಂದ ಹೈದರಾಬಾದಿನವರೆಗೆ ಹರಡಿತ್ತು. ಎಲ್ಲಿ ಯಾವ ಹಳೆಯ ಮನೆತನ ಪೆಟ್ಟಿಗೆ ಖಾಲಿ ಮಾಡುತ್ತಿದೆ ಎಂಬ ಸುದ್ದಿ ಅವಳಿಗೆ ಹೇಗೋ ಮುಟ್ಟುತ್ತಿತ್ತು. ಅಪ್ಪನ ಅಂಗಡಿಯಿಂದ ಒಂದು ಟೋಪ ತೆನಿ ಸೆರಗಿನ ಸೀರೆ ಅತ್ತ ಹೋದರೆ, ಹುಲ್ಲು ತುಂಬಿದ ಒಂದು ಬುಟ್ಟಿ ಇತ್ತ ಬರುತ್ತಿತ್ತು. ಅತ್ತೆ ಒಂದೊಂದನ್ನೂ ಬಿಚ್ಚಿ, ಮೂಸಿ, ಬೆರಳ ಗೆಣ್ಣಿನಿಂದ ಬಡಿದು, ಕಿವಿಯ ಹತ್ತಿರ ಹಿಡಿಯುತ್ತಿದ್ದಳು. ಗಂಟೆಯಂತೆ ನುಡಿದರೆ ಗಟ್ಟಿ, ಗೊಗ್ಗರು ಧ್ವನಿ ಬಂದರೆ ಎಲ್ಲೋ ಬಿರುಕು. ಕಣ್ಣಿಗಿಂತ ಕೈ, ಕಿವಿಗಳನ್ನೇ ಅವಳು ಹೆಚ್ಚು ನಂಬಿದ್ದಳು. ಅದಕ್ಕೆ ಕಾರಣ ಆಗಲೇ ಅವಳ ಕಣ್ಣಿಗೆ ಬೀಳತೊಡಗಿದ್ದ ಪೊರೆ ಎಂಬುದನ್ನು ಒಪ್ಪಿಕೊಳ್ಳುವ ಜಾತಿಯವಳಲ್ಲ ಅವಳು.

ಎರಡು ವರ್ಷ ಕಳೆಯುವಷ್ಟರಲ್ಲಿ ಅಪ್ಪ ನೀಲಿ ಹೂವಿನ ಬಟ್ಟಲಿನಲ್ಲಲ್ಲದೆ ಮೊಸರನ್ನ ಉಣ್ಣದಂತಾದ. ಧರ್ಮ ಎಲ್ಲಿ ಇತ್ತೋ ಅಲ್ಲೇ ಇತ್ತು.

ನಾನು ಕನ್ನಡ ಶಾಲೆಯ ಕೊನೆಯ ಪರೀಕ್ಷೆ, ಮುಲ್ಕಿ, ಪಾಸಾದ ವರ್ಷ ಖಾಜಾಬಿ ಆರು ಬಶಿಗಳ ಒಂದು ಸೆಟ್ಟು ತಂದಳು. ಹಾಲಿನಂಥ ಬಿಳಿ, ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳ ಜಾಲ, ನಡುವೆ ನೀಲಿಯಲ್ಲಿ ಬರೆದ ಒಂದು ಚಿತ್ರ. ಅತ್ತೆ ಅದರ ಮೇಲೆ ಬೆರಳಾಡಿಸಿ, ಕಣ್ಣು ಕಿರಿದು ಮಾಡಿ ನೋಡಿ, ಹಿಗ್ಗಿದಳು.

"ಮಾವಿನಕಾಯಿ! ನಮ್ಮ ಸೀರಿ ದಡಿಯೊಳಗ ಇರೂ ಮಾವಿನಕಾಯಿನ ನೋಡು. ಹೌದಿಲ್ಲೋ?"

ಅದು ಮೀನು. ಬಾಲ ಬಾಗಿಸಿಕೊಂಡ, ಹುರುಪೆಗಳನ್ನು ಒಂದೊಂದಾಗಿ ಬರೆದಿದ್ದ, ಕಣ್ಣು ಬಿಟ್ಟುಕೊಂಡಿದ್ದ ಮೀನು. ನಾನು "ಹೌದು ಅತ್ತಿ" ಎಂದೆ. ಅವಳ ಹಿಗ್ಗು ಇನ್ನೊಂದು ದಿನ ಉಳಿಯಲಿ, ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ಕ್ಷಣಕ್ಕೆ ಅದು ನಿಜವೂ ಆಗಿತ್ತು.

ಮಾರನೆಯ ದಿನ ಅಪ್ಪ ಹೊಸ ಸುದ್ದಿ ತಂದ. ಕಮತಗಿಯ ಸಾಹುಕಾರರು ಮಗನನ್ನು ಕರೆದುಕೊಂಡು ಸೋಮವಾರ ನನ್ನನ್ನು ನೋಡಲು ಬರುತ್ತಾರೆ, ಊಟ ನಮ್ಮಲ್ಲೇ, ಒಪ್ಪಿದರೆ ಅಂದೇ ಮಾತು ಮುಗಿಸುವುದು. ಧಾರವಾಡಕ್ಕೆ ಹೋಗಿ ಇಂಗ್ಲಿಷ್ ಶಾಲೆ ಸೇರಬೇಕೆಂಬ ಆಸೆ ನನ್ನಲ್ಲಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳದೆಯೇ ಎಲ್ಲರಿಗೂ ಗೊತ್ತಾಗಬೇಕು, ಗೊತ್ತಾಗಿ ತಾವೇ ಬಂದು ಕೇಳಬೇಕು ಎಂಬುದು ನನ್ನ ಸ್ವಭಾವ. ಇಂಥವಳನ್ನು ಜನ ಗಂಭೀರ ಹುಡುಗಿ ಎನ್ನುತ್ತಾರೆ.

"ಹೊಸ ಬಶಿ ತಗಿ," ಎಂದಳು ಅತ್ತೆ. "ಕಮತಗಿಯವರು ಕಂಚು ನೋಡ್ಯಾರ, ಇಂಥಾವು ಕನಸಿನ್ಯಾಗೂ ನೋಡಿಲ್ಲ."

ಇಲ್ಲಿ ನಮ್ಮವರ ಒಂದು ಪದ್ಧತಿಯನ್ನು ನಿಮಗೆ ಹೇಳಬೇಕು. ಕಟ್ಟುನಿಟ್ಟಿನ ಲಿಂಗವಂತರು ಉಂಡ ಗಂಗಾಳದಲ್ಲಿ ಒಂದು ಅಗುಳೂ ಬಿಡುವುದಿಲ್ಲ. ಊಟ ಮುಗಿದ ಮೇಲೆ ಅದರಲ್ಲೇ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯುತ್ತಾರೆ. ಅದು ಪ್ರಸಾದ, ಚೆಲ್ಲುವಂತಿಲ್ಲ. ಸಾಹುಕಾರರು ಈ ವಿಷಯದಲ್ಲಿ ಹುನಗುಂದ ತಾಲೂಕಿಗೇ ಹೆಸರಾದವರು.

ಸೋಮವಾರ ಅವ್ವ ಒಲೆಯ ಕಡೆ ಮುಖ ಮಾಡಿ ಕೂತಿದ್ದಳು. ಕತ್ತಲೆಯ ಅಡುಗೆಮನೆಯಲ್ಲಿ ಮೂರು ಬಶಿಗಳನ್ನು ಒರೆಸಿಟ್ಟವಳು ನಾನು. ಮೂರು ಮೀನುಗಳೂ ನನ್ನನ್ನೇ ನೋಡುತ್ತಿದ್ದವು. ಈಗ ಹೇಳಬಹುದಿತ್ತು. ನಾನು ಹೇಳಲಿಲ್ಲ. ಒಂದೊಂದು ಹೋಳಿಗೆಯನ್ನು ತೆಗೆದು ಒಂದೊಂದು ಮೀನಿನ ಮೇಲೆ ಹೊದಿಸಿದೆ. ಅವ್ವ ಆ ಅಳತೆಗೇ ಮಾಡಿದ್ದಳೇನೋ ಎಂಬಂತೆ ಬಾಲದ ತುದಿಯೂ ಕಾಣಲಿಲ್ಲ.

ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ಎದುರಾಗಿ ವರ ಕೂತ. ಹೋಳಿಗೆಯ ಅಂಚು ಮುರಿದ, ಕಣ್ಣರಳಿಸಿದ. ಅಪ್ಪನ ಕಡೆ, ತನ್ನ ತಂದೆಯ ಕಡೆ ನೋಡಿದ. ಆಮೇಲೆ, ಮಲಗಿದ ಮಗುವಿಗೆ ಹೊದಿಸುವಂತೆ, ಮುರಿದ ಹೋಳಿಗೆಯನ್ನು ಮೆಲ್ಲಗೆ ಸರಿಸಿ ಮುಚ್ಚಿ, ಪಲ್ಯ ತಿನ್ನತೊಡಗಿದ. ತಾನು ಹಿಂದೆಂದೂ ಕಾಣದವರ ಮಾನ ಉಳಿಸಲು ತನ್ನ ಹೋಳಿಗೆ ಬಿಟ್ಟ ಗಂಡಸನ್ನು ನಾನು ಆಮೇಲೆ ಕಂಡಿಲ್ಲ. ಈ ಕತೆಯಲ್ಲಿ ನನಗೆ ಸ್ವಲ್ಪ ಇರಿಸುಮುರಿಸಾಗುವುದು ಅವನ ನೆನಪಿನಿಂದ.

ಸಾಹುಕಾರರಿಗೆ ಅಂಥ ತೊಂದರೆ ಇರಲಿಲ್ಲ. ಹತ್ತಿಯ ಬೆಳೆಯ ಬಗ್ಗೆ ಮಾತಾಡುತ್ತ ಹೋಳಿಗೆ ಮುಗಿಸುವಷ್ಟರಲ್ಲಿ ಅನ್ನ ಬಂತು, ಸಾರು ಬಂತು, ತುಪ್ಪ ಬಂತು. ಆ ಕೆಸರಿನಲ್ಲಿ ಮೀನು ಸುಖವಾಗಿತ್ತು. ಕೊನೆಗೆ ಅವರು ನೀರು ಹಾಕಿಕೊಂಡು, ಬೆರಳಾಡಿಸಿ, ಬಶಿಯನ್ನು ಎರಡೂ ಕೈಯಿಂದ ಎತ್ತಿ ಬಾಯಿಯ ಹತ್ತಿರ ತಂದರು. ನೀರು ಅಲ್ಲಾಡಿತು. ನೀರಿನೊಳಗೆ ಮೀನೂ ಅಲ್ಲಾಡಿತು.

"ಏನ್ರೀ ಇದು?"

ಬಾಗಿಲ ಮರೆಯಿಂದ ಅತ್ತೆ ಹೆಮ್ಮೆಯಿಂದ, "ಮಾವಿನಕಾಯಿರೀ" ಎಂದಳು.

"ಮಾವಿನಕಾಯಿಗೆ ಕಣ್ಣು ಇರ್ತಾವೇನ್ರೀ ನಿಮ್ಮ ಊರಾಗ?"

ಸಾಹುಕಾರರು ಬಶಿ ಹಿಡಿದು ಕೂತೇ ಇದ್ದರು. ಚೆಲ್ಲಿದರೆ ಪ್ರಸಾದ ಚೆಲ್ಲಿದಂತೆ, ಕುಡಿದರೆ ಮೀನು ತೊಳೆದ ನೀರು ಕುಡಿದಂತೆ. ಅಷ್ಟು ದೊಡ್ಡ ಧರ್ಮಸಂಕಟವನ್ನು ನಾನು ಪುರಾಣ ಕೇಳುವಾಗಲೂ ಕಂಡಿರಲಿಲ್ಲ. ಕೊನೆಗೆ ಅವರು ಕಣ್ಣು ಮುಚ್ಚಿ ಗಟಗಟ ಕುಡಿದರು. ಬಶಿಯನ್ನು ಬೋರಲು ಹಾಕಿ ಎದ್ದರು. "ಬಂಡಿ ಹೂಡ್ರಿ" ಎಂದರು. ನನ್ನನ್ನು ನೋಡುವ ಶಾಸ್ತ್ರ ಅಲ್ಲಿಗೆ ಮುಗಿಯಿತು.

ಅಪ್ಪ ಅಕ್ಕನನ್ನು ಗದರಿಸಿದ್ದು ಅದೊಂದೇ ಸಲ. "ಒಂದು ಚೀನಿ ಚೂರು ಸೈತ ಮನಿಯೊಳಗ ಇರಬಾರದು." ಅತ್ತೆ ವಾದಿಸಲಿಲ್ಲ. ಬುಟ್ಟಿಗಳಲ್ಲಿ ಹುಲ್ಲು ಹಾಸಿ, ಮೂರು ಸಲ ನಡೆದು, ಎಲ್ಲವನ್ನೂ ಖಾಜಾಬಿಯ ಮನೆಗೆ ಮುಟ್ಟಿಸಿದಳು. ಮೂರನೆಯ ಸಲ ನಾನೂ ಜೊತೆಗೆ ಹೋಗಿದ್ದೆ.

"ಮೀನು ಅಂತ ಒಂದ್ ಮಾತು ಹೇಳಬಾರದೇನ ನನಗ?" ಎಂದು ಅತ್ತೆ ಕೇಳಿದಳು.

"ಮೀನಿಗೆ ಮೀನು ಅಂತ ಏನು ಹೇಳೂದವ್ವಾ? ನೀ ನೋಡೇ ತಗೊಂಡೀ ಅಂದ್ಕೊಂಡೆ," ಎಂದಳು ಖಾಜಾಬಿ.

ಅತ್ತೆ ಆಮೇಲೆ ಯಾವುದನ್ನೂ ತನ್ನ ಕಣ್ಣಿನಿಂದ ನೋಡಿ ಹೇಳಲಿಲ್ಲ. ಕಾಳು ಆರಿಸುವುದನ್ನೂ ಬಿಟ್ಟಳು. ಸೀರೆಯ ಬಣ್ಣ ಕೇಳಿದರೆ, "ಕಣ್ಣಿದ್ದವರನ್ನ ಕೇಳ್ರಿ" ಎನ್ನುತ್ತಿದ್ದಳು. ನನಗೋ, ಎರಡು ವರ್ಷ ಒಂದು ಸಂಬಂಧವೂ ಬರಲಿಲ್ಲ. ಮೀನಿನ ಕತೆ ನನಗಿಂತ ಮೊದಲು ಊರೂರು ಸುತ್ತಿತ್ತು. ಜನ ಮರೆಯುವ ತನಕ ಇರಲಿ ಎಂದು ಅಪ್ಪ ನನ್ನನ್ನು ಧಾರವಾಡದ ಶಾಲೆಗೆ ಕಳಿಸಿದ. ಜನ ಮರೆಯುವಷ್ಟರಲ್ಲಿ ನಾನು ಬಿ.ಎ. ಪಾಸಾಗಿದ್ದೆ.

ಈಗ ಅತ್ತೆ ನನ್ನ ಮನೆಯಲ್ಲಿದ್ದಾಳೆ. ಇಲ್ಲಿನ ದವಾಖಾನೆಯಲ್ಲಿ ಪೊರೆ ತೆಗೆಸಿ ತಿಂಗಳಾಯಿತು. ದಪ್ಪ ಗಾಜಿನ ಕನ್ನಡಕದೊಳಗಿಂದ ಜಗತ್ತನ್ನೆಲ್ಲ ಮತ್ತೊಮ್ಮೆ ತಪಾಸಣೆ ಮಾಡುತ್ತಿದ್ದಾಳೆ. ಮಂಗಳವಾರದ ಬಶಿಯನ್ನು ನೋಡಿ ನಕ್ಕಳು. "ಇದರಾಗ ಏನೂ ಈಜಾಡಾಕತ್ತಿಲ್ಲಲ್ಲ? ನನ್ನ ಸುಡುಗಾಡ ಕಣ್ಣು ನಿನ್ನ ಲಗ್ನ ಮುರಿತು."

ಹನ್ನೆರಡು ವರ್ಷದಿಂದ ಈ ಮಾತನ್ನು ನಾನು ಸುಮ್ಮನೆ ಕೇಳುತ್ತ ಬಂದಿದ್ದೆ. ಅಂದು ಆಗಲಿಲ್ಲ.

"ಅತ್ತಿ, ಅವು ಮೀನು ಅಂತ ನನಗ ಗೊತ್ತಿತ್ತು. ಹೋಳಿಗಿ ಮುಚ್ಚಿ ಕೊಟ್ಟಾಕಿ ನಾನ."

ಅವಳು ಕನ್ನಡಕ ತೆಗೆದಳು, ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಂಡಳು.

"ಯಾಕ?"

"ಸಾಲಿ ಕಲೀಬೇಕಾಗಿತ್ತು."

"ಸಾಲಿ ಕಲೀತೇನಿ ಅಂತ ನನ್ನ ಮುಂದ ಅಂದಿದ್ದೇನ?"

"ಇಲ್ಲ."

"ಅಂದಿದ್ದರ ಆ ಮುದುಕನ್ನ ನಾನ ಓಡಸ್ತಿದ್ದೆನಲ್ಲ! ಹುಡುಗಿ ನಿದ್ದಿಗಣ್ಣಾಗ ಎದ್ದು ಓಣಿ ತಿರಗತಾಳ ಅಂತ ಒಂದ್ ಮಾತು ಕಿವಿಯೊಳಗ ಹಾಕಿದ್ದರ ಮುಗೀತಿತ್ತು. ಬಶಿನೂ ಉಳೀತಿದ್ದವು, ನಿನ್ನ ಸಾಲಿನೂ ಉಳೀತಿತ್ತು." ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ಹನ್ನೆರಡು ವರ್ಷ ಈ ಕಣ್ಣಿಗೆ ಬೈಕೋತ ಕುಂತೆ. ಅವು ಪಾಪ, ಏನ ಮಾಡಿದ್ದವು?"

ಮರುದಿನ ಬೆಳಿಗ್ಗೆ ಸೀರೆಗಳನ್ನು ಮಡಚಿ ಗಂಟು ಕಟ್ಟುತ್ತ, "ನಾಳಿನ ಗಾಡಿಗೆ ಬಾಗಲಕೋಟಿಗೆ ಹೋಗ್ತೇನಿ. ಅಲ್ಲಿಂದ ಊರಿಗೆ ಬಂಡಿ ಸಿಗತೈತಿ" ಎಂದಳು. ಇಂಥಲ್ಲಿ ನಾನು ಹೇಳುವ ಮಾತು ಒಂದೇ: "ನಿನ್ನ ಮನಸ್ಸು." ಅದು ನಾಲಿಗೆಯ ತುದಿಗೂ ಬಂದಿತ್ತು. ಅದನ್ನು ನುಂಗಿಕೊಂಡು ಅವಳ ಮುಂದೆ ನೆಲದ ಮೇಲೆ ಕೂತೆ.

"ಹೋಗಬ್ಯಾಡ, ಅತ್ತಿ. ನೀ ಇಲ್ಲೇ ಇರಬೇಕು. ನನಗ ನೀ ಬೇಕು."

ಹೇಳುವಷ್ಟರಲ್ಲಿ ನನಗೆ ಬೆವರು ಬಂದಿತ್ತು. ಅತ್ತೆ ಕನ್ನಡಕದೊಳಗಿಂದ ನನ್ನನ್ನು ಬಹಳ ಹೊತ್ತು ನೋಡಿದಳು.

"ಇಷ್ಟು ಹೇಳಾಕ ಬಿ.ಎ. ಮಾಡಬೇಕಾತೇನ?" ಎಂದು ಗಂಟು ಬಿಚ್ಚತೊಡಗಿದಳು.